ಧೂಳಿನ ಊರಲ್ಲಿ ದಿನದ ಕಸ

ಬಳ್ಳಾರಿಯಲ್ಲಿ ಮನೆ ದಿನವಿಡೀ ಥಳಥಳ ಹೊಳೆಯಬೇಕು ಎಂದು ಬಯಸುವುದು ಆ ಮನೆಯ ಹೆಂಗಸಿಗೆ ಮಾಡುವ ಅನ್ಯಾಯ. ಬೆಳಗ್ಗೆ ಏಳಕ್ಕೆ ಒರೆಸಿದ ಟೇಬಲ್ಲಿನ ಮೇಲೆ ಮಧ್ಯಾಹ್ನ ಮೂರಕ್ಕೆ ಬೆರಳಿನಿಂದ ಹೆಸರು ಬರೆಯಬಹುದು. ಕಿಟಕಿ ಹಾಕಿದ್ದರೂ ಅಷ್ಟೆ. ಇಂಥ ಊರಿಗೆ ಬೇಕಾದದ್ದು ಇಲ್ಲಿನ ಗಾಳಿಗೆ, ಇಲ್ಲಿನ ನಲ್ಲಿಗೆ ಹೊಂದುವ, ನೌಕರಿಗೆ ಹೋಗುವವರೂ ಉಸಿರುಗಟ್ಟದೆ ನಡೆಸಿಕೊಂಡು ಹೋಗಬಹುದಾದ ಒಂದು ರೂಢಿ.

ನಾನು ಹುಟ್ಟಿದ್ದು ಸಿರುಗುಪ್ಪದಲ್ಲಿ, ಕೊಟ್ಟದ್ದು ಕುರುಗೋಡಿಗೆ, ಸಂಸಾರ ಹೂಡಿದ್ದು ಬಳ್ಳಾರಿಯ ಕೌಲ್‌ಬಜಾರಿನಲ್ಲಿ. ಮೂರೂ ಊರಿನ ಧೂಳು ಬೇರೆ ಬೇರೆ. ಸಿರುಗುಪ್ಪ ಭತ್ತದ ಸೀಮೆ, ಅಕ್ಕಿ ಗಿರಣಿಗಳ ಊರು. ಗಿರಣಿಯ ಬಾಯ್ಲರಿನಲ್ಲಿ ಹೊಟ್ಟು ಉರಿದು ಹಾರುವ ಕರಿಬೂದಿ ಒಣಹಾಕಿದ ಬಿಳಿ ಬಟ್ಟೆಯ ಮೇಲೆ, ಮುಚ್ಚಳ ಮರೆತ ಹಾಲಿನ ಪಾತ್ರೆಯೊಳಗೆ, ಎಲ್ಲೆಂದರಲ್ಲಿ ಕೂರುತ್ತದೆ. ಅದು ಬಲು ಹಗುರ. ಪೊರಕೆ ಬೀಸಿದರೆ ಮೇಲೇಳುತ್ತದೆ, ನೀರು ಸುರಿದರೆ ನೆಲಕ್ಕೆಲ್ಲ ಮಸಿ ಬಳಿದಂತಾಗುತ್ತದೆ. ನಮ್ಮಮ್ಮ ಅಂಗೈಯಲ್ಲಿ ನೀರು ಹಿಡಿದು ಹಗುರಾಗಿ ಚಿಮುಕಿಸಿ, ಪೊರಕೆಯನ್ನು ನೆಲಕ್ಕೆ ಒತ್ತಿ ತನ್ನತ್ತ ಎಳೆದುಕೊಂಡು ಉಡುಗುತ್ತಿದ್ದಳು.

ಕುರುಗೋಡಿನ ಕಡೆ ಮೆಣಸಿನಕಾಯಿ. ಕಾಯಿ ಬಿಡಿಸಿ ಒಣಗಿಸುವ ಕಾಲಕ್ಕೆ ಚೀಲಗಳು ಪಡಸಾಲೆಗೇ ಬರುತ್ತವೆ. ಆ ದಿನಗಳಲ್ಲಿ ಒಣಪೊರಕೆ ಆಡಿಸಿದರೆ ಮನೆಮಂದಿಗೆಲ್ಲ ಸೀನು, ಕೆಮ್ಮು, ಕಣ್ಣುರಿ. ಅತ್ತೆ ಪೊರಕೆಯ ತುದಿಗೆ ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು.

ಬಳ್ಳಾರಿಯದು ಎರೆಮಣ್ಣಿನ ಪುಡಿಯ ಜೊತೆ ಅದಿರಿನ ಕೆಂಪು. ಗಣಿ ಲಾರಿಗಳ ಭರಾಟೆಯ ವರ್ಷಗಳಲ್ಲಿ ಹೊಸಪೇಟೆ ರಸ್ತೆಯ ಬದಿಯ ಬೇವಿನ ಮರಗಳೂ ಕೆಂಪಗಿದ್ದವು. ನೆಲ ಒರೆಸಿದ ಬಟ್ಟೆಯನ್ನು ಎಷ್ಟು ಹಿಂಡಿದರೂ ಕುಂಕುಮದ ನೀರೇ ಬರುತ್ತಿತ್ತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಆ ಕೆಂಪು ಇಳಿಯಿತು. 2013ರಲ್ಲಿ ಅದೇ ಕೋರ್ಟು ಷರತ್ತು ಹಾಕಿ ಮತ್ತೆ ಅವಕಾಶ ಕೊಟ್ಟಿತು. ಮೊದಲಿನಷ್ಟು ಈಗಿಲ್ಲ, ಆದರೆ ಧೂಳು ಎಂಬುದು ನಮ್ಮನ್ನು ಬಿಟ್ಟು ಹೋಗಿಲ್ಲ.

ಮಲೆನಾಡಿಗೆ ಮಳೆ ತರುವ ಆಷಾಢದ ಗಾಳಿ ನಮ್ಮ ಮಳೆನೆರಳಿನ ಸೀಮೆಗೆ ಬರಿಗೈಯಲ್ಲಿ ಬರುತ್ತದೆ. ಬರುವಾಗ ದಾರಿಯ ಹೊಲಗಳ ಮಣ್ಣನ್ನೆಲ್ಲ ಎತ್ತಿಕೊಂಡು ಬರುತ್ತದೆ. "ಗಾಳಿ ಬಿಟ್ಟಾಗ ಕಸ ಉಡುಗಿದ್ರೆ ಕಸ ಹೋಗಲ್ಲಮ್ಮ, ಜಾಗ ಬದಲಾಗ್ತೈತೆ ಅಷ್ಟೆ" ಎನ್ನುತ್ತಿದ್ದರು ಅತ್ತೆ. ಅವರ ಮಾತು ವಿಜ್ಞಾನಕ್ಕೂ ಒಪ್ಪುತ್ತದೆ. ಒಣಪೊರಕೆ ಎಬ್ಬಿಸುವ ಅತಿ ಸಣ್ಣ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತವೆ, ಉಡುಗಿದವರ ಎದೆಗೇ ಮೊದಲು ಇಳಿಯುತ್ತವೆ. ದಮ್ಮು ಇರುವವರ ಮನೆಯಲ್ಲಂತೂ ಒಣಪೊರಕೆ ಅಂಗಳ ದಾಟಿ ಒಳಗೆ ಬರಲೇಬಾರದು ಎನ್ನುವವಳು ನಾನು.

ಹಾಗಾಗಿ ನಮ್ಮ ಮನೆಯಲ್ಲಿ ಬೆಳಗಿನ ಕೆಲಸ ಗಾಳಿ ಏಳುವ ಮುಂಚೆ ಮುಗಿಯುತ್ತದೆ. ಮೊದಲು ಹಿಂಡಿದ ಒದ್ದೆ ಬಟ್ಟೆಯಲ್ಲಿ ಟೇಬಲ್ಲು, ಕಿಟಕಿಯ ದಂಡೆ, ಮಕ್ಕಳು ಪುಸ್ತಕ ಇಡುವ ಜಾಗ. ನೆಲ ಆಮೇಲೆ. ಮೇಲಿನದು ಕೆಳಗೆ ಉದುರುವುದರಿಂದ ಈ ಕ್ರಮ ತಪ್ಪಿದರೆ ಎರಡು ಸಲ ದುಡಿಯಬೇಕು. ಅಡುಗೆಮನೆ, ಬಚ್ಚಲು, ಮಲಗುವ ಜಾಗ, ತಲೆಬಾಗಿಲು ಇವು ನಾಲ್ಕು ದಿನಾ ಆಗಲೇಬೇಕು, ಎಲ್ಲ ಸೇರಿ ಅರ್ಧ ತಾಸಿನೊಳಗೆ. ಮುಸುರೆ ರಾತ್ರಿಯೇ ತೊಳೆದಿಡುತ್ತೇವೆ. ಹಾಗೆ ಬಿಟ್ಟರೆ ಈ ಸೆಕೆಗೆ ಬೆಳಗಾಗುವಷ್ಟರಲ್ಲಿ ಜಿರಲೆ, ಇರುವೆ ಮುತ್ತಿರುತ್ತವೆ. ಹನ್ನೊಂದರ ಹೊತ್ತಿಗೆ ಪಡುವಣ ಕಿಟಕಿಗಳನ್ನು ಹಾಕಿಬಿಟ್ಟರೆ ಸಂಜೆಯ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಉಳಿದ ಕೋಣೆಗಳು ದಿನಕ್ಕೊಂದರಂತೆ. ಅಟ್ಟ, ಜೇಡರ ಬಲೆ, ಟ್ರಂಕು, ಕೌದಿ ಇವೆಲ್ಲ ಯುಗಾದಿಗೆ, ದಸರೆಗೆ. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹೊತ್ತು ಕಾಲುವೆಗೋ ಹೊಳೆಗೋ ಹೋಗುವ ಪದ್ಧತಿ ನಮ್ಮ ಕಡೆ ಇದ್ದೇ ಇದೆ. ಹಬ್ಬದ ಕೆಲಸವನ್ನು ದಿನದ ಕೆಲಸಕ್ಕೆ ತಂದು ಹೇರಿದ್ದರಿಂದಲೇ ಎಷ್ಟೋ ಹೆಣ್ಣುಮಕ್ಕಳು ಸೊಂಟ ಹಿಡಿದುಕೊಂಡು ಕೂತಿದ್ದಾರೆ.

ನೆಲ ಹೊಳೆಯಲಿ ಎಂದು ಆಸಿಡ್ ಹಾಕುವವರಿಗೆ ಒಂದು ಮಾತು. ನಮ್ಮ ಮನೆಗಳಿಗೆ ಹಾಸಿರುವ ಕಡಪಾ ಬಂಡೆ ಸುಣ್ಣದ ಕಲ್ಲು, ಆಸಿಡ್ ಅದನ್ನು ತಿನ್ನುತ್ತದೆ. ಆಸಿಡ್ಡನ್ನು ಬ್ಲೀಚಿಂಗ್ ಪುಡಿಯ ಜೊತೆ ಬೆರೆಸಿದರಂತೂ ಏಳುವ ಕ್ಲೋರಿನ್ ಗಾಳಿ ಸಣ್ಣ ಬಚ್ಚಲಲ್ಲಿ ಜೀವಕ್ಕೇ ಅಪಾಯ. ಬಂಡೆಗೆ ಬರೀ ನೀರು, ಜಿಡ್ಡಿದ್ದರೆ ಚೂರು ಸೋಪಿನ ಪುಡಿ ಸಾಕು.

ಇನ್ನು ನೀರು. ತುಂಗಭದ್ರೆಯ ಕಾಲುವೆ ನಂಬಿದ ಊರು ನಮ್ಮದು, ಬೇಸಿಗೆಯಲ್ಲಿ ಕಾಲುವೆ ನಿಂತಾಗ ಕೆರೆಯಲ್ಲಿ ತುಂಬಿಟ್ಟದ್ದೇ ಗತಿ. ನಲ್ಲಿ ದಿನಾ ಬರುವ ಮಾತೇ ಇಲ್ಲ. ಬಂದ ದಿನ ಡ್ರಮ್ಮು, ಸಂಪು, ಬಿಂದಿಗೆ, ಕೊನೆಗೆ ಪಾತ್ರೆ ಪಗಡಿಯನ್ನೂ ತುಂಬಿಸುತ್ತೇವೆ. ಅದಕ್ಕೇ ದಿನದ ಒರೆಸುವಿಕೆಗೆ ಅರ್ಧ ಬಕೆಟ್ಟಿಗಿಂತ ಹೆಚ್ಚು ಖರ್ಚಾಗಬಾರದು. ಬಟ್ಟೆ ಜಾಲಿಸಿದ ನೀರಲ್ಲೇ ಬಚ್ಚಲು ತೊಳೆದರೆ ಆಯಿತು. ಬಂಡೆ ತೊಳೆಯುವುದು, ಚಾದರ ಒಗೆಯುವುದು ನಲ್ಲಿ ಬಂದ ದಿನಕ್ಕೆ.

ಆ ದಿನ ಯಾವ ಕೆಲಸ ಬಿಟ್ಟರೂ ಡ್ರಮ್ಮು ತಿಕ್ಕುವುದನ್ನು ಬಿಡಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನಾವು ಹಿಡಿದಿಟ್ಟ ತಿಳಿನೀರಲ್ಲೇ ಬೆಳೆಯುತ್ತದೆ. ಅದು ಮೊಟ್ಟೆ ಇಡುವುದು ನೀರಿನ ಮಟ್ಟಕ್ಕೆ ತುಸು ಮೇಲೆ, ಡ್ರಮ್ಮಿನ ಗೋಡೆಗೆ ಅಂಟಿಸಿ. ನೀರು ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಸಾಯದೆ ಕಾಯುತ್ತದೆ. ಮತ್ತೆ ನೀರು ಬಿದ್ದರೆ ಒಡೆದು ವಾರ, ಹತ್ತು ದಿನದಲ್ಲಿ ಹಾರುವ ಸೊಳ್ಳೆ. ಬರೀ ಚೆಲ್ಲಿ ತುಂಬಿಸಿಕೊಂಡರೆ ಆ ಮೊಟ್ಟೆಗೆ ಏನೂ ಆಗುವುದಿಲ್ಲ. ತೆಂಗಿನ ನಾರಿನಲ್ಲಿ ಒಳಗೋಡೆಯನ್ನು ಗಸಗಸ ತಿಕ್ಕಿ, ಆ ನೀರನ್ನು ಚರಂಡಿಗಲ್ಲ, ಒಣನೆಲಕ್ಕೆ ಚೆಲ್ಲಬೇಕು. ಬೈಠಕ್ ಖೋಲಿಯ ಷೋಕೇಸಿಗೆ ದಿನಾ ಬಟ್ಟೆ ಆಡಿಸಿ ಹಿತ್ತಲ ಡ್ರಮ್ಮನ್ನು ತಿಂಗಳುಗಟ್ಟಲೆ ಮರೆಯುವ ಮನೆಗಳು ನಮ್ಮ ಓಣಿಯಲ್ಲಿ ಬಹಳ ಇವೆ. ನೆಂಟರ ಕಣ್ಣಿಗೆ ಕಾಣುವುದು ಷೋಕೇಸು, ಮಗುವಿಗೆ ಜ್ವರ ತರುವುದು ಡ್ರಮ್ಮು.

ದೀಪ ಹಚ್ಚಿದ ಮೇಲೆ ಕಸ ಉಡುಗಬಾರದು, ಲಕ್ಷ್ಮಿ ಹೋಗುತ್ತಾಳೆ ಎಂಬ ನಂಬಿಕೆಯ ಬಗ್ಗೆಯೂ ಹೇಳಬೇಕು. ಎಣ್ಣೆ ದೀಪದ ಮಬ್ಬಲ್ಲಿ ಮೂಗುತಿಯೋ ಕಾಸೋ ಕಸದ ಜೊತೆ ಹೋದೀತೆಂಬ ಎಚ್ಚರ ಅದರೊಳಗೆ ಇದ್ದಿರಬಹುದು. ಆದರೆ ಆರೂವರೆಗೆ ಬಸ್ಸಿಳಿದು ಬರುವವಳಿಗೆ ಧೂಳು ಕಾಣುವುದೇ ದೀಪ ಹಾಕಿದ ಮೇಲೆ. ನಾನು ದೇವರಿಗೆ ಕೈಮುಗಿದು ಒದ್ದೆ ಬಟ್ಟೆ ಹಿಡಿಯುತ್ತೇನೆ. ಅತ್ತೆಯವರೂ ಕೊನೆಕೊನೆಗೆ ಒಪ್ಪಿದ್ದರು.

ಇಷ್ಟೆಲ್ಲ ಬರೆದರೂ ಕೆಲಸ ಒಬ್ಬಳ ತಲೆಯ ಮೇಲೇ ಇದ್ದರೆ ಯಾವ ರೂಢಿಯೂ ನಿಲ್ಲುವುದಿಲ್ಲ. ಕೇಂದ್ರ ಸರ್ಕಾರ ನಡೆಸಿದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕೊಡುತ್ತಿದ್ದರು. ಗಂಡಸರು 97. ಅದೂ ಮನೆಗೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ. ಅಂಥವರು ಇದ್ದದ್ದು ನೂರಕ್ಕೆ ಇಪ್ಪತ್ತಾರು ಮಂದಿ. 2024ರ ಸಮೀಕ್ಷೆಯಲ್ಲಿ ಹೆಂಗಸರ ಸಮಯ 289ಕ್ಕೆ ಇಳಿಯಿತು, ಗಂಡಸರದ್ದು ಏರಲಿಲ್ಲ, 88ಕ್ಕೆ ಇಳಿಯಿತು.

ನಮ್ಮ ಮನೆಯಲ್ಲಿ ಬಚ್ಚಲು ಮತ್ತು ಡ್ರಮ್ಮು ಯಜಮಾನರ ಪಾಲು, ಕಿಟಕಿಯ ದಂಡೆ ಮಗನದು, ತಲೆಬಾಗಿಲು ಮಗಳದು. ಅವರು ಮಾಡಿದ್ದನ್ನು ನಾನು ಮತ್ತೆ ಮಾಡುವುದಿಲ್ಲ, ಮೂಲೆಯಲ್ಲಿ ಧೂಳು ಉಳಿದರೆ ಉಳಿಯಲಿ. ಈ ಪತ್ರಿಕೆಯನ್ನು ಕಟ್ಟೆಯ ಮೇಲೆ ಕೂತು ಓದುತ್ತಿರುವ ಅಣ್ಣಂದಿರೇ, ಈ ಸಲ ನಲ್ಲಿ ಬಂದಾಗ ಡ್ರಮ್ಮು ತಿಕ್ಕುವ ಕೆಲಸವನ್ನು ನೀವು ತೆಗೆದುಕೊಳ್ಳಿ. ಕಾಲು ತಾಸಿನ ಕೆಲಸ.