ಏರಿಗೆ ಕಾವಲು ಬೇಕು

ಕೆರೆ ಕಟ್ಟಿಸುವುದನ್ನು ಧರ್ಮವೆಂದೆಣಿಸಿದ ಸೀಮೆ ನಮ್ಮದು. ಹೊಸಕೋಟೆಯ ದೊಡ್ಡ ಕೆರೆಯನ್ನು ಕಟ್ಟಿಸಿದವರು ಸುಗಟೂರಿನ ಪಾಳೆಯಗಾರರಾದ ತಮ್ಮೇಗೌಡರೆಂದು ಪ್ರತೀತಿಯಿದೆ. ಅದೇ ಸುಗಟೂರಿನ ಸುತ್ತಲ ಕೋಲಾರ ಸೀಮೆಯಲ್ಲಿ ಬಹುಕಾಲ ಕೆರೆಯಂಗಳಗಳು ಬರಿದಾಗಿದ್ದುವು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಅನೇಕ ಕೆರೆಗಳಿಗೆ ಹರಿಯುತ್ತಿದೆ. 2021ರ ನವೆಂಬರಿನ ಮಳೆಗೆ ಎಷ್ಟೋ ಕೆರೆಗಳು ಕೋಡಿಬಿದ್ದುವು. ಅಂದು ಜನರು ಹೆಂಡಿರು ಮಕ್ಕಳೊಡನೆ ಏರಿಯ ಮೇಲೆ ಕಿಕ್ಕಿರಿದು ನೆರೆದರು. ತುಂಬಿದ ಕೆರೆಯ ಏರಿ ಈಗ ಊರವರ ವಿಹಾರಸ್ಥಾನವಾಗಿದೆ. ಇದು ಸಂತೋಷದ ಸಂಗತಿಯೇ ಸರಿ.

ಆದರೆ ಆ ಏರಿಯ ಯೋಗಕ್ಷೇಮವನ್ನು ವಿಚಾರಿಸುವವರು ಯಾರು? 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯು 15 ಮೀಟರಿಗೆ ಮೇಲ್ಪಟ್ಟ ಕಟ್ಟೆಗಳಿಗೂ, 10ರಿಂದ 15 ಮೀಟರಿನವುಗಳಲ್ಲಿ ಕೆಲವಕ್ಕೂ ಮಾತ್ರ ಅನ್ವಯಿಸುತ್ತದೆ. ನಮ್ಮ ಹಳ್ಳಿಗಳ ಮಣ್ಣಿನ ಏರಿಗಳಲ್ಲಿ ಬಹುಪಾಲು ಅದರ ಹೊರಗೆ ಉಳಿದಿವೆ. 40 ಹೆಕ್ಟೇರಿಗೆ ಮಿಕ್ಕ ಅಚ್ಚುಕಟ್ಟುಳ್ಳ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕೂ ಕಡಿಮೆಯಾದುದು ಪಂಚಾಯತಿಗೆ ಎಂಬ ವಿಭಾಗವೇನೋ ಇದೆ. ಆದರೆ ದಿನವೂ ಏರಿಯ ಮೇಲೆ ನಡೆದು ನೋಡುತ್ತಿದ್ದ ನೀರಗಂಟಿಯು ಬಹುತೇಕ ಮರೆಯಾಗಿದ್ದಾನೆ.

ಸಣ್ಣ ಕೆರೆಯೆಂದು ಅಲಕ್ಷ್ಯಮಾಡುವುದು ಸಲ್ಲದು. ಮಹಾರಾಷ್ಟ್ರದ ತಿವರೆ ಎಂಬಲ್ಲಿ 2019ರ ಜುಲೈ 2ರ ರಾತ್ರಿ ಸಣ್ಣದೊಂದು ಮಣ್ಣಿನ ಕಟ್ಟೆ ಒಡೆದು ಹಲವರು ಮಡಿದರು. ನೀರು ಸೋರುತ್ತಿರುವುದನ್ನು ಊರವರು ಮೊದಲೇ ತಿಳಿಸಿದ್ದರು. ನಮ್ಮ ಕೆರೆಗಳಾದರೋ ಸರಪಣಿಯಂತೆ ಒಂದರ ಕೆಳಗೊಂದಿವೆ. ಮೇಲಿನದು ಒಡೆದರೆ ಕೆಳಗಿನದು ತಡೆಯಲಾರದು. 1903ರ ನವೆಂಬರಿನಲ್ಲಿ ಪಾಲಾರಿನ ಪಾತ್ರದಲ್ಲಿ ಮೈಸೂರು ಸೀಮೆಯ ಕೆರೆಗಳೊಡೆದು, ದೂರದ ವಾಣಿಯಂಬಾಡಿ ಪಟ್ಟಣವು ಪ್ರವಾಹಕ್ಕೆ ತುತ್ತಾಯಿತು.

ಮಣ್ಣಿನ ಏರಿ ಕೆಡುವುದಕ್ಕೆ ಮುಂಚೆ ಗುರುತುಗಳನ್ನು ತೋರದೆ ಇರುವುದು ಅಪರೂಪ. ಏರಿಯ ಬುಡದಲ್ಲಿ ತಿಳಿನೀರು ಜಿನುಗಿದರೆ ಅದನ್ನು ಗಮನದಲ್ಲಿಡಬೇಕು. ಕೆಸರುನೀರು ಬಂದರೆ ಒಳಗಿನ ಮಣ್ಣೇ ಕೊಚ್ಚಿಹೋಗುತ್ತಿದೆಯೆಂದು ತಿಳಿದು ಕೂಡಲೆ ಕಾರ್ಯಪ್ರವೃತ್ತರಾಗಬೇಕು. ಬಹುಕಾಲ ಒಣಗಿ ಬಿರಿದ ಏರಿ ಒಮ್ಮೆಲೆ ತುಂಬಿದಾಗ ಅಪಾಯ ಹೆಚ್ಚು. ಮರದ ಬೇರುಗಳು, ಹೆಗ್ಗಣದ ಬಿಲಗಳು, ಶಿಥಿಲವಾದ ತೂಬು, ಇವೆಲ್ಲವೂ ನೀರಿಗೆ ದಾರಿಮಾಡಿಕೊಡುತ್ತವೆ. ಇನ್ನಷ್ಟು ನೀರು ನಿಲ್ಲಲೆಂದು ಮರಳುಚೀಲಗಳಿಂದ ಕೋಡಿಯನ್ನು ಎತ್ತರಿಸುವುದೂ, ಮೀನಿನ ಆಸೆಗೆ ಅಲ್ಲಿ ಬಲೆ ಬಿಗಿಯುವುದೂ ಊರಿಗೇ ಅಪಾಯವನ್ನು ತರುವ ಕೆಲಸಗಳು. ಕೋಡಿ ಕಟ್ಟಿಕೊಂಡರೆ ನೀರು ಏರಿಯ ಮೇಲೆ ಹರಿಯುವುದು. ಹಾಗೆ ಹರಿದ ಮೇಲೆ ಮಣ್ಣಿನ ಏರಿ ಹೆಚ್ಚು ಹೊತ್ತು ನಿಲ್ಲದು.

ಜನರು ಏರಿಯ ಮೇಲೆ ಬರಲೇಬಾರದೆಂದು ಕೆಲವರು ಹೇಳುವರು. ಕೋಡಿ ಹರಿಯುವಾಗ ಅದರಲ್ಲಿ ಇಳಿಯುವುದನ್ನೂ, ಏರಿಯ ಮೇಲೆ ಭಾರಿ ವಾಹನಗಳನ್ನು ಓಡಿಸುವುದನ್ನೂ ನಿಷೇಧಿಸಬೇಕೆಂಬುದಕ್ಕೆ ನಮ್ಮ ಸಮ್ಮತಿಯಿದೆ. ಆದರೆ ಸಂಜೆ ಗಾಳಿಸೇವನೆಗೆ ಬರುವವನನ್ನು ಅಟ್ಟುವುದು ವಿವೇಕವಲ್ಲ. ನೀರಗಂಟಿಯಿಲ್ಲದ ಏರಿಗೆ ಅವನ ಕಣ್ಣೇ ಕಾವಲು. ಏನನ್ನು ನೋಡಬೇಕು, ಯಾರಿಗೆ ತಿಳಿಸಬೇಕು ಎಂಬುದನ್ನು ಒಂದು ಫಲಕದ ಮೇಲೆ ಬರೆದು ನಿಲ್ಲಿಸಿದರೆ ಸಾಕು.

ಆದುದರಿಂದ ಸರ್ಕಾರದವರು ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರಿಗೆ ಮುಂಚೆ ಇನ್ನೊಮ್ಮೆ ಪ್ರತಿಯೊಂದು ಏರಿಯನ್ನೂ ಇಂಜಿನಿಯರುಗಳಿಂದ ತನಿಖೆ ಮಾಡಿಸಬೇಕು. ಕೆರೆಗೊಬ್ಬ ನೀರಗಂಟಿಯನ್ನು ಸಂಬಳಕೊಟ್ಟು ನೇಮಿಸಬೇಕು. ಉದ್ಯಾನಕ್ಕೂ ದೀಪಕ್ಕೂ ಹಣ ಒದಗುವುದಾದರೆ ತೂಬಿನ ದುರಸ್ತಿಗೂ ಒದಗಬೇಕು. ಒಡೆದ ಮೇಲೆ ಕೊಡುವ ಪರಿಹಾರಕ್ಕಿಂತ ಒಡೆಯುವ ಮುಂಚೆ ಹಾಕುವ ನಾಲ್ಕು ಮಂಕರಿ ಮಣ್ಣು ಮೇಲು. ಹಿರಿಯರು ನಮಗೆ ಕೆರೆಗಳನ್ನು ಕಟ್ಟಿಕೊಟ್ಟರು. ಅವನ್ನು ಕಾಯುವುದಾದರೂ ನಮ್ಮಿಂದಾಗಬೇಡವೆ?