ಹಳೆಯ ಲೇಬಲ್ಲಿನ ಕಾಲವನ್ನು ನಿರ್ಣಯಿಸುವವರು ಯಾರು?

ಚಿಕ್ಕೋಡಿ–ನಿಪ್ಪಾಣಿ ಭಾಗದಲ್ಲಿ ತಂಬಾಕಿನ ವಹಿವಾಟು ನಡೆಸಿದ ಮನೆತನಗಳ ಅಟ್ಟಗಳಲ್ಲಿ ಹಳೆಯ ಬೀಡಿ ಲೇಬಲ್ಲುಗಳ ಕಟ್ಟುಗಳು ಇಂದಿಗೂ ದೊರೆಯುವುದುಂಟು. ಕಬ್ಬೂರಿನಂತಹ ಊರಿನಲ್ಲಿ ಹಳೆಯ ಅಂಗಡಿಯೊಂದನ್ನು ತೆರವು ಮಾಡುವಾಗ ಅವು ರದ್ದಿಯವನ ತಕ್ಕಡಿಯನ್ನು ಏರುತ್ತವೆ. ಅದೇ ಕಾಗದ ಸಂಗ್ರಾಹಕರ ಕೈಸೇರುವಾಗ ‘ಬ್ರಿಟಿಷರ ಕಾಲದ್ದು’ ಎಂಬ ಬಿರುದನ್ನು ಹೊತ್ತಿರುತ್ತದೆ. ಕಿಲೋ ಲೆಕ್ಕದ ಸರಕು ಬಿಡಿ ಲೆಕ್ಕಕ್ಕೆ ತಿರುಗುವುದು ಈ ಬಿರುದಿನಿಂದ. ಅದನ್ನು ಕೊಡುವವನು ಸಾಮಾನ್ಯವಾಗಿ ಮಾರುವವನೇ ಆಗಿರುತ್ತಾನೆ.

ಕಾಲಖಂಡಗಳಿಗೆ ಹೆಸರಿಡುವ ರೂಢಿ ಬಹಳ ಬಲಿತಿರುವುದು ಅಮೆರಿಕದ ಆಟಗಾರರ ಚಿತ್ರದ ಕಾರ್ಡುಗಳಲ್ಲಿ. ಅಲ್ಲಿಯೂ ಆರಂಭದ ಕಾರ್ಡುಗಳಲ್ಲಿ ಬಹಳಷ್ಟು ಬಂದದ್ದು ತಂಬಾಕಿನೊಡನೆಯೇ. 1909ರಿಂದ 1911ರವರೆಗೆ ಸಿಗರೇಟು ಪೊಟ್ಟಣಗಳಲ್ಲಿ ಬಂದ ಬೇಸ್‌ಬಾಲ್ ಕಾರ್ಡುಗಳ ಮಾಲಿಕೆಗೆ ‘ಟಿ-206’ ಎಂದು ಹೆಸರು. ‘ಟಿ’ ಎಂದರೆ ಟೊಬ್ಯಾಕೊ. ಈ ಸಂಕೇತವನ್ನು ಕೊಟ್ಟವರು ಕಾರ್ಖಾನೆಯವರಲ್ಲ, ಜೆಫರ್ಸನ್ ಬರ್ಡಿಕ್ ಎಂಬ ಸಂಗ್ರಾಹಕರು. 1980ರ ದಶಕದ ಕೊನೆಯಲ್ಲಿ ಹಾಗೂ 1990ರ ದಶಕದ ಆರಂಭದಲ್ಲಿ ಕಾರ್ಡುಗಳನ್ನು ಮಿತಿಮೀರಿ ಮುದ್ರಿಸಲಾಯಿತು. ಹೂಡಿಕೆಯೆಂದು ಪೆಟ್ಟಿಗೆಗಟ್ಟಲೆ ಕೂಡಿಟ್ಟವರ ಸರಕಿಗೆ ಬೆಲೆ ಉಳಿಯಲಿಲ್ಲ. ಮೇಣಗಾಗದದಲ್ಲಿ ಸುತ್ತಿ ಬರುತ್ತಿದ್ದ ಆ ಕಾರ್ಡುಗಳ ಕಾಲವನ್ನು ಈಗ ‘ಜಂಕ್ ವ್ಯಾಕ್ಸ್’ ಯುಗ, ಅಂದರೆ ಮೇಣಗಾಗದದ ಕಸದ ಯುಗ, ಎನ್ನುತ್ತಾರೆ. ಬೆಲೆ ಏರುತ್ತಿದ್ದ ದಿನಗಳಲ್ಲಿ ಈ ಹೆಸರು ಮಾರುವವರ ಬಾಯಲ್ಲಿ ಬರುವಂತಹದಾಗಿರಲಿಲ್ಲ!

ನಮ್ಮ ಲೇಬಲ್ಲುಗಳ ಕಾಲವನ್ನು ಮಾರುವವನ ಮಾತಿಗಿಂತ ಲೇಬಲ್ಲಿನ ಮೇಲಿನ ಅಕ್ಷರಗಳೇ ಚೆನ್ನಾಗಿ ಹೇಳುತ್ತವೆ. ಬೆಲೆ ‘ನಯೇ ಪೈಸೆ’ಯಲ್ಲಿದ್ದರೆ ಅದು ದಶಮಾಂಶ ನಾಣ್ಯ ಬಂದ 1957ರ ಏಪ್ರಿಲ್‌ಗಿಂತ ಹಿಂದಿನದಾಗಲಾರದು. ವಿಳಾಸದಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ, ಈ ಭಾಗ ಮುಂಬಯಿ ರಾಜ್ಯದಿಂದ ಇತ್ತ ಸೇರಿದ 1956ರ ನವೆಂಬರ್ 1ರ ನಂತರದ್ದು. ‘ಕರ್ನಾಟಕ’ ಎಂದಿದ್ದರೆ 1973ರ ನವೆಂಬರ್‌ನಿಂದ ಈಚಿನದು ಎನ್ನಬಹುದು. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಚಿತ್ರಸಹಿತ ಆರೋಗ್ಯ ಎಚ್ಚರಿಕೆ 2009ರ ಮೇ 31ರಿಂದ ಕಡ್ಡಾಯವಾಯಿತು. ‘ಆಣೆ ಕಾಲ’, ‘ನಯೇ ಪೈಸೆ ಕಾಲ’, ‘ಎಚ್ಚರಿಕೆ ಚಿತ್ರದ ಕಾಲ’ ಎಂಬ ಹೆಸರುಗಳು ಕಿವಿಗೆ ಅಷ್ಟು ಇಂಪಲ್ಲದಿರಬಹುದು. ಆದರೆ ಕೊಳ್ಳುವವನು ತನ್ನ ಕಣ್ಣಿನಿಂದಲೇ ಅವುಗಳನ್ನು ತಾಳೆ ನೋಡಬಲ್ಲನು.

ಇಲ್ಲಿ ಒಂದು ಎಚ್ಚರ ಅವಶ್ಯಕ. ಇಂತಹ ಗುರುತು ‘ಇದಕ್ಕಿಂತ ಹಿಂದಿನದಲ್ಲ’ ಎಂದು ಹೇಳುತ್ತದೆಯೇ ಹೊರತು ಅದೇ ವರ್ಷದ್ದೆಂದು ಹೇಳುವುದಿಲ್ಲ. ಪಿನ್‌ಕೋಡ್ ಇಲ್ಲವೆಂದ ಮಾತ್ರಕ್ಕೆ ಲೇಬಲ್ಲು 1972ಕ್ಕಿಂತ ಹಳೆಯದೆನ್ನುವುದೂ ತಪ್ಪು. ಖರ್ಚು ಉಳಿಸಲು ಹಳೆಯ ಅಚ್ಚಿನಲ್ಲಿಯೇ ವರ್ಷಗಟ್ಟಲೆ ಮುದ್ರಣ ಮುಂದುವರಿಸುವುದು ಯಾವ ವ್ಯಾಪಾರಿಗೆ ಹೊಸತು? ಹಳೆಯ ಛಾಪನ್ನು ಇಂದು ಹೊಸದಾಗಿ ಮುದ್ರಿಸಿ ಪುರಾತನವೆಂದು ಮಾರುವುದಂತೂ ಕೊಳ್ಳುವವನಿಗೆ ಮಾಡಿದ ಮೋಸ. ಆ ಛಾಪಿನ ನೋಂದಣಿ ಇನ್ನೂ ಜೀವಂತವಿದ್ದರೆ ಅದರ ಒಡೆಯನಿಗೂ ಉತ್ತರ ಹೇಳಬೇಕಾದೀತು.

ಮುದ್ರಿಸಿದ ವರ್ಷವನ್ನು ಸಂಶಯವಿಲ್ಲದೆ ತೋರಿಸಬಲ್ಲ ದಾಖಲೆಯೆಂದರೆ ಮುದ್ರಣಾಲಯದ ಬಿಲ್ಲು: ದಿನಾಂಕ, ಸಂಖ್ಯೆ, ದರ ಮೂರೂ ಅದರಲ್ಲಿರುತ್ತವೆ. ಲೆಕ್ಕದ ಪುಸ್ತಕಗಳನ್ನು ಇಡಬೇಕಾದ ಅವಧಿ ಮುಗಿದೊಡನೆ ಮೊದಲು ರದ್ದಿಗೆ ಹೋಗುವುದೂ ಅದೇ. ಅಟ್ಟವನ್ನು ತೆರವು ಮಾಡುವ ಮನೆತನದವರು ಲೇಬಲ್ಲಿನ ಒಂದೊಂದು ಮಾದರಿಯನ್ನು ಆಯಾ ಬಿಲ್ಲಿಗೆ ಲಗತ್ತಿಸಿ ಒಂದು ಕಡತದಲ್ಲಿ ಇಟ್ಟುಕೊಂಡ ಮೇಲೆ ಉಳಿದ ಕಟ್ಟುಗಳನ್ನು ಬೇಕಾದರೆ ತಕ್ಕಡಿಗೆ ಹಾಕಲಿ.