ಜಿಲ್ಲೆಯ ಹೆಸರು ಬದಲಾದರೂ ಪಿನ್‌ಕೋಡ್ ಅದೇ

ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿತು. ಕನಕಪುರ ತಾಲ್ಲೂಕಿನ ಕಬ್ಬಾಳಿನಂಥ ಊರಿನಲ್ಲಿ ಕುಳಿತು ಉದ್ಯೋಗದ ಅರ್ಜಿ ತುಂಬುವವರಿಗೆ ಸಹಜವಾಗಿ ಏಳುವ ಪ್ರಶ್ನೆ: ಪಿನ್‌ಕೋಡ್ ಕೂಡ ಬದಲಾಗುತ್ತದೆಯೇ? ಇಲ್ಲ. ಪಿನ್ ಜಿಲ್ಲೆಯದ್ದೂ ಅಲ್ಲ, ಊರಿನದ್ದೂ ಅಲ್ಲ. ಬಟವಾಡೆ ಮಾಡುವ ಅಂಚೆ ಕಚೇರಿಯದ್ದು.

ಒಂದೇ ಹೆಸರಿನ ಹತ್ತಾರು ಊರುಗಳು, ಹಲವು ಲಿಪಿಗಳ ವಿಳಾಸಗಳು. ಈ ಗೊಂದಲ ತಪ್ಪಿಸಲು ಕೇಂದ್ರ ಸರ್ಕಾರದ ಅಧಿಕಾರಿಯೂ ಸಂಸ್ಕೃತ ವಿದ್ವಾಂಸರೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಪಿನ್, 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಕನಕಪುರದ 562117 ನೋಡಿ. 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣ ಇರುವ ವಲಯ. 56ರಿಂದ 59ರವರೆಗಿನ ಸಾಲು ಕರ್ನಾಟಕದ್ದು. ಮೂರನೆಯ ಅಂಕಿ ಪತ್ರ ವಿಂಗಡಣೆಯ ಪ್ರದೇಶಕ್ಕೆ, ಕೊನೆಯ ಮೂರು ಅಂಚೆ ಕಚೇರಿಗೆ. ಇದೇ 562 ಚಿಕ್ಕಬಳ್ಳಾಪುರ, ಹೊಸಕೋಟೆ, ಆನೇಕಲ್‌ಗಳಲ್ಲೂ ಇದೆ. ರಾಮನಗರ, ಚನ್ನಪಟ್ಟಣಗಳಿಗೆ ಹಿಂದೆ ಮಂಡ್ಯದ ಸಾಲಿನ 571 ಇತ್ತು. ಈಗ 562159, 562160.

ದೇಶದಲ್ಲಿ ಅಂಚೆ ಕಚೇರಿಗಳು ಒಂದೂವರೆ ಲಕ್ಷಕ್ಕೂ ಹೆಚ್ಚು, ಪಿನ್‌ಕೋಡ್‌ಗಳು ಮಾತ್ರ ಸುಮಾರು 19 ಸಾವಿರ. ಹೀಗಾಗಿ ಹತ್ತಾರು ಹಳ್ಳಿಗಳಿಗೆ ಒಂದೇ ಸಂಖ್ಯೆ. ಅಂಚೆಯಣ್ಣನಿಗೆ ಇದರಿಂದ ತೊಂದರೆಯಿಲ್ಲ, ಅವನಿಗೆ ಮನೆಮನೆಯೂ ಗೊತ್ತು. ತೊಂದರೆ ಇರುವುದು ಆನ್‌ಲೈನ್ ಅಂಗಡಿಗಳಲ್ಲಿ. ಪುಸ್ತಕ ತರಿಸಲು ಹೋದರೆ ‘ಈ ಪಿನ್‌ಕೋಡ್‌ಗೆ ಡೆಲಿವರಿ ಇಲ್ಲ’ ಎಂಬ ಉತ್ತರ ಬರುತ್ತದೆ. ಕಾಗದ ದಾರಿ ತಪ್ಪದಿರಲಿ ಎಂದು ಹುಟ್ಟಿದ ಸಂಖ್ಯೆಯನ್ನು ಖಾಸಗಿ ಕಂಪನಿಗಳು ಹಳ್ಳಿಗಳನ್ನು ಒಟ್ಟಾಗಿ ಕೈಬಿಡಲು ಬಳಸುತ್ತಿವೆ. ಅಂಚೆ ಇಲಾಖೆ ಹಾಗೆ ಕೈಚೆಲ್ಲುವಂತಿಲ್ಲ. ಬೆಟ್ಟದ ಬುಡದ ಮನೆಗೂ ಕಾಗದ ಮುಟ್ಟಿಸಲೇಬೇಕು.

ಅದೇ ಮೇ ತಿಂಗಳ 27ರಂದು ಇಲಾಖೆ ‘ಡಿಜಿಪಿನ್’ ತಂದಿದೆ. ಐಐಟಿ ಹೈದರಾಬಾದ್ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಜತೆ ರೂಪಿಸಿದ ಇದು, ದೇಶವನ್ನು ಸುಮಾರು ನಾಲ್ಕು ಮೀಟರ್ ಅಗಲ, ಉದ್ದದ ಚೌಕಗಳಾಗಿ ಹಂಚಿ ಪ್ರತಿಯೊಂದಕ್ಕೂ ಅಕ್ಷರ, ಅಂಕಿಗಳ ಹತ್ತು ಸ್ಥಾನದ ಗುರುತು ಕೊಡುತ್ತದೆ. ಬಾಗಿಲ ಸಂಖ್ಯೆಯಿಲ್ಲದ ತೋಟದ ಮನೆಗೆ ಆಂಬುಲೆನ್ಸ್ ಕರೆಯಲು ಇದು ನಿಜಕ್ಕೂ ಉಪಯುಕ್ತ. ಆದರೆ ಮನೆ ಎಲ್ಲಿದೆ ಎಂದು ಗೊತ್ತಾದ ಮಾತ್ರಕ್ಕೆ ಪಾರ್ಸೆಲ್ ಗಾಡಿ ಬಂದುಬಿಡುವುದಿಲ್ಲ. ಅಲ್ಲಿಗೆ ಹೋಗಬೇಕೆಂಬ ಹೊಣೆಯನ್ನು ಡಿಜಿಪಿನ್ ಯಾರ ಮೇಲೂ ಹೊರಿಸಿಲ್ಲ.

ಡಿಜಿಪಿನ್ ಬಂದರೂ ಪಿನ್ ರದ್ದಾಗಿಲ್ಲ. ಸಂದರ್ಶನದ ಪತ್ರಕ್ಕೆ ಕಾಯುತ್ತಿರುವವರು ಅರ್ಜಿಯಲ್ಲಿ ಊರಿನ ಜತೆ ಅಂಚೆ ಕಚೇರಿ, ಹೋಬಳಿ, ತಾಲ್ಲೂಕುಗಳ ಹೆಸರನ್ನೂ ಬರೆಯಿರಿ. ರಾಮನಗರ, ಚನ್ನಪಟ್ಟಣದವರು ಹಳೆಯ ದಾಖಲೆಯಲ್ಲಿ 571 ಉಳಿದಿದೆಯೇ ಎಂದೂ ಒಮ್ಮೆ ನೋಡಿಕೊಳ್ಳಿ.